ಮೂರೂವರೆ ಸ್ಲಾಟಿನ ಮಹಾರಾಯ

ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ. 1,507 ಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯೂ ಆಯಿತು. ಅಷ್ಟುದ್ದದ್ದನ್ನು ಊರೊಳಗೆ ಹಿಡಿಸಿಕೊಂಡ ನಮಗೆ ಈಗ ಕಂಪ್ಯೂಟರಿಗೆ ಚಿತ್ರ ಮೂಡಿಸಿಕೊಡುವ 35 ಸೆಂಟಿಮೀಟರಿನ ಒಂದು ಗ್ರಾಫಿಕ್ಸ್ ಕಾರ್ಡನ್ನು ಅದರ ಡಬ್ಬದೊಳಗೆ, ಅಂದರೆ ಕ್ಯಾಬಿನೆಟ್ಟಿನೊಳಗೆ, ಕೂಡಿಸಲು ಬರುತ್ತಿಲ್ಲ.

ತಪ್ಪು ನಮ್ಮದಲ್ಲ. ಕಾರ್ಡೇ ಬೆಳೆಯುತ್ತಿದೆ. 2016ರಲ್ಲಿ ಚಿಪ್ಪು ಮಾಡುವ ಎನ್ವಿಡಿಯಾ ಕಂಪನಿಯ ಜಿಟಿಎಕ್ಸ್ 1080 ಬಂದಾಗ ಅದರ ಉದ್ದ 26.7 ಸೆಂ.ಮೀ., ತಿನ್ನುವ ಕರೆಂಟು 180 ವ್ಯಾಟ್. 2022ರ ಆರ್‌ಟಿಎಕ್ಸ್ 4090ಕ್ಕೆ 30.4 ಸೆಂ.ಮೀ., 450 ವ್ಯಾಟ್. ಅದೇ ಚಿಪ್ಪಿಗೆ ಬೇರೆ ಕಂಪನಿಗಳು ತಮ್ಮ ತಮ್ಮ ಫ್ಯಾನು ಕಟ್ಟಿ 35 ದಾಟಿಸಿದವು. ಇಂಥ ಕಾರ್ಡನ್ನು ಬಿಚ್ಚಿ ನೋಡಿ. ಒಳಗಿನ ಬೋರ್ಡು ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿರುತ್ತದೆ. ಅದರಾಚೆಗೆ ಇರುವುದೆಲ್ಲ ಅಲ್ಯೂಮಿನಿಯಂ ಪಟ್ಟಿ, ಫ್ಯಾನು, ಮೇಲೆ ಬಣ್ಣಬಣ್ಣದ ಲೈಟು.

ಇನ್ನು ದಪ್ಪ. ಅದನ್ನು ಇವರು ಸ್ಲಾಟಿನಲ್ಲಿ ಅಳೆಯುತ್ತಾರೆ. ಸ್ಲಾಟು ಅಂದರೆ ಕಾರ್ಡು ಸಿಕ್ಕಿಸುವ ಜಾಗ, ಒಂದಕ್ಕೆ ಸುಮಾರು ಎರಡು ಸೆಂ.ಮೀ. ಮೂರೂವರೆ ಸ್ಲಾಟಿನ ಕಾರ್ಡು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸರಿ, ಉಳಿದ ಅರ್ಧ ಸ್ಲಾಟಿನಲ್ಲಿ ಯಾರು ಕೂಡಬೇಕು? ಅರ್ಧ ಸ್ಲಾಟಿನ ಕಾರ್ಡು ಅಂತ ಯಾರೂ ಮಾಡುವುದಿಲ್ಲ. ನಾಲ್ಕು ಅನ್ನಲು ನಾಚಿಕೆ, ಅಷ್ಟೇ.

ನಮ್ಮ ಓಣಿಯ ಒಬ್ಬ ಹುಡುಗ ಇಂಥದ್ದೊಂದನ್ನು ತರಿಸಿದ. ದುಡ್ಡು ಅಪ್ಪನದು. "ಎಐ ಕಲಿಯಾಕ ಬೇಕಂತ್ರಿ" ಅಂತ ಅಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಮಗ ಏನು ಕಲಿಯುತ್ತಾನೆ ಅನ್ನೋದು ರಾತ್ರಿ ಎರಡು ಗಂಟೆಗೆ ಅವನ ಕೋಣೆಯಿಂದ ಬರುವ ಗುಂಡಿನ ಸದ್ದಿನಲ್ಲೇ ಗೊತ್ತಾಗುತ್ತದೆ.

ಕ್ಯಾಬಿನೆಟ್ಟಿನ ಡಬ್ಬದ ಮೇಲೆ 36 ಸೆಂ.ಮೀ. ಕಾರ್ಡು ಹಿಡಿಯುತ್ತದೆ ಅಂತ ಬರೆದಿತ್ತು. ನಿಜವೇ. ಆದರೆ ಆ ಲೆಕ್ಕ ಮುಂದೆ ಏನೂ ಇಲ್ಲದಾಗಿನದು. ಹುಡುಗ ಮುಂದುಗಡೆ ಪ್ರೊಸೆಸರನ್ನು ತಣ್ಣಗಿಡುವ ನೀರಿನ ಕೂಲರಿನ ರೇಡಿಯೇಟರ್ ಹಾಕಿಸಿದ್ದ. ರೇಡಿಯೇಟರಿಗೆ 27 ಮಿ.ಮೀ., ಅದರ ಫ್ಯಾನಿಗೆ 25. ಐದು ಸೆಂ.ಮೀ. ಅಲ್ಲೇ ಹೋಯಿತು. ರೇಡಿಯೇಟರನ್ನು ಮೇಲಕ್ಕೆ ಎತ್ತಿ ಕಟ್ಟಿದರೆ ಹಾರ್ಡ್‌ಡಿಸ್ಕಿನ ಪಂಜರ ಅಡ್ಡ ಬಂತು. ಪಂಜರಕ್ಕೆ ಸ್ಕ್ರೂ ಇಲ್ಲ, ರಿವೆಟ್ ಹೊಡೆದಿದ್ದಾರೆ. ಸರಿ, ನಡಿ ಗೋಕುಲ ರಸ್ತೆಗೆ.

ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಗ್ರೈಂಡರ್ ಹಿಡಿದು ಕೂತವರು ಕ್ಯಾಬಿನೆಟ್ಟನ್ನು ತಿರುಗಿಸಿ, ಕಾರ್ಡನ್ನು ಕೈಯಲ್ಲಿ ತೂಗಿ ನೋಡಿದರು. ಎರಡು ಕಿಲೋ ದಾಟಿತ್ತು. "ತಮ್ಮಾ, ಇಂಜಿನ್ ತಂದ ಮ್ಯಾಲ ಬಾಡಿ ಕಟ್ಟೋದು ಲಾರಿಗಷ್ಟ ಅಂತ ತಿಳದಿದ್ದೆ. ಕಂಪ್ಯೂಟರಿಗೂ ಬಂತೇನು?" ಅಂದರು. ಪುಣ್ಯಕ್ಕೆ ಎಲ್ಲ ಭಾಗ ಕೂರುವ ಮದರ್‌ಬೋರ್ಡು ಬಿಚ್ಚಿಟ್ಟು ಬಾ ಅಂತ ಹೇಳುವಷ್ಟು ತಿಳಿವಳಿಕೆ ಅವರಿಗಿತ್ತು. ಕಬ್ಬಿಣದ ಪುಡಿ ಬೋರ್ಡಿನ ಮೇಲೆ ಬಿದ್ದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

ಕಾರ್ಡು ಕೂತಿತು. ಕೂತದ್ದೇ ತಡ, ತುದಿ ಜೋತುಬಿತ್ತು. ಅದಕ್ಕೂ ಮದ್ದಿದೆ. ಕೆಳಗಿನಿಂದ ಆಸರೆ ಕೊಡುವ ಪುಟ್ಟ ಜಾಕು ಬೇರೆ ಮಾರುತ್ತಾರೆ. ಲಕ್ಷಗಟ್ಟಲೆ ಕೊಟ್ಟು ತಂದದ್ದು ಸ್ವಂತ ಕಾಲ ಮೇಲೆ ನಿಲ್ಲುವುದಿಲ್ಲ ಅಂತ ಯಾರಿಗೂ ಬೇಜಾರಿಲ್ಲ. ಜಾಕಿಗೂ ಲೈಟು ಬೇಕಾ ಅಂತ ಅಂಗಡಿಯವರು ಕೇಳುತ್ತಾರೆ. ಬೇಕು ಅಂತಲೇ ಎಲ್ಲರೂ ಅನ್ನುತ್ತಾರೆ.

ಆಮೇಲೆ ವೈರು. ಮದರ್‌ಬೋರ್ಡಿನ ಸ್ಲಾಟು ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಮಿಕ್ಕದ್ದೆಲ್ಲ ಕರೆಂಟು ಹಂಚುವ ಡಬ್ಬಿ ಎಸ್‌ಎಂಪಿಎಸ್‌ನಿಂದ ಒಂದು ಪ್ಲಗ್ಗಿನಲ್ಲಿ ಬರಬೇಕು. ಪ್ಲಗ್ಗಿನಿಂದ ಮೂರೂವರೆ ಸೆಂ.ಮೀ. ನೆಟ್ಟಗೆ ಬಂದ ಮೇಲೆ ವೈರು ಬಗ್ಗಿಸಿ ಅಂತಾರೆ. ಆ ಜಾಗದಲ್ಲಿ ಕ್ಯಾಬಿನೆಟ್ಟಿನ ಬಾಗಿಲಿನ ಗಾಜು ಇರುತ್ತದಲ್ಲ! 4090 ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಅಲ್ಲಲ್ಲಿ ಪ್ಲಗ್ಗು ಕರಗಿತ್ತು. ಎನ್ವಿಡಿಯಾ ನೋಡಿ, ಪ್ಲಗ್ಗು ಪೂರ್ತಿ ಒಳಗೆ ಕೂತಿರಲಿಲ್ಲ ಎಂದಿತು. ಮುಂದೆ ಪಿನ್ನುಗಳ ಅಳತೆಯನ್ನೇ ಬದಲಿಸಿದರು. ಒತ್ತಿದವರ ತಪ್ಪಿಗೆ ಪಿನ್ನಿಗೆ ಯಾಕೆ ಶಿಕ್ಷೆಯೋ ಗೊತ್ತಿಲ್ಲ.

ನಮ್ಮ ಹುಡುಗನ ಗಾಜಿನ ಬಾಗಿಲು ಹಾಕಲು ಬರಲೇ ಇಲ್ಲ. ಕೊಯ್ಯಿಸಿದ ಕ್ಯಾಬಿನೆಟ್ಟು ಅಟ್ಟಕ್ಕೆ ಹೋಯಿತು. ಇನ್ನೂ ದೊಡ್ಡದು ಬಂತು.

ಚಿಕ್ಕದು ಮಾಡಲು ಬರುವುದೇ ಇಲ್ಲವಾ? ಬರುತ್ತದೆ. 2025ರಲ್ಲಿ ಎನ್ವಿಡಿಯಾ ತಾನೇ ಮಾಡಿದ 5090ರಲ್ಲಿ 575 ವ್ಯಾಟಿನ ಕಾರ್ಡನ್ನು ಎರಡೇ ಸ್ಲಾಟಿನಲ್ಲಿ ಮುಗಿಸಿ ತೋರಿಸಿತು. ಆದರೆ ಅಷ್ಟು ತೆಳ್ಳಗಿನದ್ದನ್ನು ಗಾಜಿನೊಳಗೆ ಇಟ್ಟರೆ ನೋಡಲು ಬಂದವರಿಗೆ ಏನು ಕಾಣಬೇಕು? ದುಡ್ಡು ಕೊಟ್ಟದ್ದು ಕಾಣಬೇಕಲ್ಲ. ಬೇರೆ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಅವರ 5090ಗಳು ಎಂದಿನಂತೆ ಮೈ ಬೆಳೆಸಿಕೊಂಡೇ ಬಂದವು.

ನಾನೂ ನೋಡಲು ಹೋಗಿದ್ದೆ. ಗಾಜಿನೊಳಗೆ ಕೆಂಪು, ನೀಲಿ, ಹಸಿರು. ಓಣಿಯ ಹಿರಿಯರೊಬ್ಬರು ಸ್ಕ್ರೀನ್ ನೋಡಿ "ಏನ್ ಕ್ಲಿಯರ್ ಬರತೈತ್ರಿ!" ಅಂದರು. ನಾನು ಹಿಂದೆ ಬಗ್ಗಿ ನೋಡಿದೆ. ಮಾನಿಟರಿನ ವೈರು ಕಾರ್ಡಿನ ಬದಲು ಮದರ್‌ಬೋರ್ಡಿನ ಕಿಂಡಿಯಲ್ಲಿತ್ತು. ಅಂದರೆ ಚಿತ್ರ ಮೂಡಿಸುತ್ತಿದ್ದದ್ದು ಪ್ರೊಸೆಸರಿನೊಳಗೆ ಪುಕ್ಕಟೆ ಬಂದ ಪುಟ್ಟ ಗ್ರಾಫಿಕ್ಸು. ಅದಕ್ಕೆ ಹಾಕಿದ್ದ ಮಾನಿಟರೂ ಹಳೆಯದೇ. ಮಹಾರಾಯನ ಕೆಲಸ ಸದ್ಯಕ್ಕೆ ಬಣ್ಣ ಬದಲಿಸುವುದು ಮಾತ್ರ.

ಹುಡುಗನನ್ನು ಪಕ್ಕಕ್ಕೆ ಕರೆದು ಹೇಳಿದೆ. ಒಂದು ನಿಮಿಷದ ಕೆಲಸ, ಒಪ್ಪಿಕೊಂಡ. ಆದರೆ ಹೊಸ ಕ್ಯಾಬಿನೆಟ್ಟು ಗೋಡೆಗೂ ತಿಜೋರಿಗೂ ನಡುವೆ ಹೇಗೆ ಕಚ್ಚಿ ಕೂತಿದೆಯೆಂದರೆ ಹಿಂದೆ ಕೈ ಹೋಗುವುದಿಲ್ಲ. ತಿಜೋರಿ ಸರಿಸಲು ರವಿವಾರ ನಾಲ್ಕು ಮಂದಿ ಬರುತ್ತಾರಂತೆ.