ಯಾವೂರು ಸಾರ್ ನಿಮ್ದು?

ನಿನ್ನೆ ರಾತ್ರಿ ಹನ್ನೊಂದೂವರೆಗೆ ನನ್ನದೇ ಊರಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು. ಅರಳಿಕಟ್ಟೆ ಪಕ್ಕ ರಸ್ತೆಗೆ ಅಡ್ಡವಾಗಿ ಬಿದಿರಿನ ಗಳ. ಮುಖಕ್ಕೆ ಟಾರ್ಚು. "ಯಾವೂರು ಸಾರ್ ನಿಮ್ದು? ಯಾರ್ ಮನೆಗೆ?"

ಅಪ್ಪನ ಹೆಸರು ಹೇಳಿದೆ. ತಾತನ ಹೆಸರೂ ಹೇಳಿದೆ. ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ, ನಂಬಲಿಲ್ಲ. ಕತ್ತಲಲ್ಲಿ ಯಾರೋ "ಏ ಬಿಡ್ಲಾ, ಮೈಸೂರಲ್ಲಿ ಮೇಷ್ಟ್ರಾಗವ್ರಲ್ಲ, ಅವ್ರು ಕಣ್ಲಾ" ಎಂದ ಮೇಲೆ ಗಳ ಮೇಲೆದ್ದಿತು. ಮನೆಗೆ ಹೋಗಿ ಅಪ್ಪನ ಮುಂದೆ ಕೂಗಾಡಿದೆ. ಅಪ್ಪ ತಣ್ಣಗೆ, "ವರ್ಸಕ್ಕೆ ಹತ್ತು ಸಲ ಬಂದ್ರೆ ಇನ್ನೇನ್ ಮಾಡಾರು" ಎಂದರು. ಅಲ್ಲಿಗೆ ನನ್ನ ಬಾಯಿ ಬಂದ್.

ವಿಷಯ ಇಷ್ಟು. ಎರಡು ತಿಂಗಳಿಂದ ನಮ್ಮ ಕಡೆ ಪಂಪ್‌ಸೆಟ್ಟಿನ ಕೇಬಲ್ ಹೋಗುತ್ತಿದೆ. ನಾಲ್ಕು ತೋಟದ್ದು ಹೋಯಿತು, ನಮ್ಮದೂ ಸೇರಿ. ಜೊತೆಗೆ ಎರಡು ಆಡು. ಅದಕ್ಕೇ ಹುಡುಗರೆಲ್ಲ ಸೇರಿ ರಾತ್ರಿ ಕಾವಲು ಶುರು ಮಾಡಿದ್ದಾರೆ. ವಾಟ್ಸಾಪ್ ಗ್ರೂಪಿನಲ್ಲಿ 46 ಜನ, ದಿನಕ್ಕೆ ಐದು ಜನರ ಪಾಳಿ. ಒಂದು ಪೈಸೆ ಸಂಬಳವಿಲ್ಲ. ರಾತ್ರಿಯೆಲ್ಲ ಎದ್ದಿದ್ದು ಬೆಳಗ್ಗೆ ಕಬ್ಬು ಕಡಿಯಲು ಹೋಗುವ ಹೈಕ್ಳು ಅವರು. ಅವರನ್ನು ಹಂಗಿಸಲು ಬರೆಯುತ್ತಿಲ್ಲ. ನನ್ನನ್ನು ನಿಲ್ಲಿಸಿದರು ಅಂತಲೂ ಅಲ್ಲ. (ಸ್ವಲ್ಪ ಅದೂ ಇದೆ.)

ನನ್ನ ತಕರಾರು ಒಂದೇ. ಇವರು ಕೇಳುವುದು "ಯಾವೂರು" ಅಂತ ಮಾತ್ರ.

ಇಷ್ಟು ದಿನದಲ್ಲಿ ಯಾರನ್ನೆಲ್ಲ ಹಿಡಿದಿದ್ದಾರೆ ಗೊತ್ತಾ? ಆಲೆಮನೆಯಲ್ಲಿ ಕೆಲಸಕ್ಕಿರುವ ಉತ್ತರ ಪ್ರದೇಶದ ಮೂರು ಹುಡುಗರು. ಬೈಕ್ ಪಂಕ್ಚರ್ ಆಗಿ ತಳ್ಳಿಕೊಂಡು ಬರುತ್ತಿದ್ದ ಗಂಡ ಹೆಂಡತಿ. ಒಬ್ಬ ಬೆಡ್‌ಶೀಟ್ ಮಾರುವವನು. ಕೊನೆಗೆ ನಾನು. ಕೇಬಲ್ ಮಾತ್ರ ಯಾರ ಹತ್ತಿರವೂ ಸಿಕ್ಕಿಲ್ಲ.

ಸ್ವಲ್ಪ ಯೋಚನೆ ಮಾಡಿ. ಕರೆಂಟ್ ಇರುವಾಗ ಯಾರೂ ಕೇಬಲ್ಲಿಗೆ ಕತ್ತರಿ ಹಾಕುವುದಿಲ್ಲ. ನಮ್ಮ ಲೈನಿಗೆ ತ್ರೀ ಫೇಸ್ ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅನ್ನುವುದು ನನಗೇ ಗೊತ್ತಿಲ್ಲ, ಬೆಡ್‌ಶೀಟ್ ಮಾರುವವನಿಗೆ ಗೊತ್ತಾ? ನಮ್ಮ ತೋಟದಲ್ಲಿ ಕರಿಯ ಅಂತ ನಾಯಿ ಇದೆ. ನಾನು ಹೋದರೂ ಬೊಗಳುತ್ತದೆ. ಕೇಬಲ್ ಹೋದ ರಾತ್ರಿ ಬೊಗಳಲಿಲ್ಲ. ಇನ್ನೂ ಬಿಡಿಸಿ ಹೇಳಬೇಕಾ?

ಇನ್ನೊಂದು. ಕದ್ದ ಕೇಬಲ್ಲನ್ನು ಯಾರೂ ಬೇಯಿಸಿ ತಿನ್ನುವುದಿಲ್ಲ. ಸುಟ್ಟು, ಮೇಲಿನ ಪ್ಲಾಸ್ಟಿಕ್ ಕರಗಿಸಿ, ಒಳಗಿನ ತಾಮ್ರವನ್ನು ತೂಕಕ್ಕೆ ಹಾಕಬೇಕು. ನಾಲೆ ಏರಿ ಮೇಲೆ ಸುಟ್ಟ ವಾಸನೆ ಬಂದಿತ್ತು ಅಂತ ಊರಲ್ಲಿ ಅರ್ಧ ಜನ ಹೇಳುತ್ತಾರೆ. ತಾಮ್ರ ಕೊಳ್ಳುವ ಗುಜರಿ ಅಂಗಡಿ ಎಲ್ಲಿದೆ ಅಂತ ಪೂರ್ತಿ ಊರಿಗೇ ಗೊತ್ತು. ಅಲ್ಲಿಗೆ ಹೋಗಿ "ಯಾರು ತಂದು ಹಾಕಿದರು" ಅಂತ ಒಬ್ಬನೂ ಕೇಳಿಲ್ಲ. ಗಳ ಕಟ್ಟಿರುವುದು ಊರ ಬಾಗಿಲಿಗೆ!

ಇದನ್ನು ಒಬ್ಬ ಗೆಳೆಯನಿಗೆ ಹೇಳಿದೆ. "ಊರವರನ್ನೇ ಅನುಮಾನಿಸಿದರೆ ಊರು ಒಡೆಯುತ್ತೆ ಕಣೋ. ಹಬ್ಬಕ್ಕೆ ಒಟ್ಟಿಗೆ ಕೂರಬೇಕಲ್ವಾ?" ಎಂದ. ಸರಿ ಸ್ವಾಮಿ. ಊರು ಒಡೆಯಬಾರದು, ಪರಊರವನ ಮೂಳೆ ಮುರಿದರೆ ಪರವಾಗಿಲ್ಲ ಅಂತಲೋ?

ಆ ಬೆಡ್‌ಶೀಟಿನವನನ್ನು ರಾತ್ರಿ ಹತ್ತಕ್ಕೆ ಹಿಡಿದು ಬೆಳಗ್ಗೆ ಆರೂವರೆವರೆಗೆ ಕಟ್ಟೆ ಮೇಲೆ ಕೂರಿಸಿದ್ದರು. ಪುಣ್ಯಕ್ಕೆ ಹೊಡೆಯಲಿಲ್ಲ, ಟೀ ಕೂಡ ಕೊಟ್ಟರಂತೆ. ಆದರೆ ಅವನ ಆಧಾರ್ ಕಾರ್ಡಿನ ಫೋಟೋ ಗ್ರೂಪಿಗೆ ಹಾಕಿದರು. ಹುಡುಗರೇ, 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ತನಿಖೆ ಹೇಗೆ ನಡೆಯಬೇಕು ಅನ್ನುವ ಕಾನೂನು) 40ನೇ ಕಲಂ ಒಮ್ಮೆ ಓದಿ. ನಮ್ಮಂಥವರೂ ಹಿಡಿಯಬಹುದು, ನಿಜ. ಆದರೆ ನಮ್ಮ ಕಣ್ಣೆದುರೇ ಜಾಮೀನು ತಾನಾಗೇ ಸಿಗದಂಥ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ಮಾಡಿದವನನ್ನು, ಇಲ್ಲವೇ ತಲೆಮರೆಸಿಕೊಂಡಿದ್ದಾನೆ ಅಂತ ಕೋರ್ಟು ಘೋಷಿಸಿದ ಅಪರಾಧಿಯನ್ನು ಮಾತ್ರ. ಹಿಡಿದ ಮೇಲೂ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬೆಡ್‌ಶೀಟ್ ಹೊತ್ತುಕೊಂಡು ನಡೆಯುವುದು ಯಾವ ಅಪರಾಧ? 112ಕ್ಕೆ ಒಂದು ಫೋನ್ ಮಾಡಲು ಏನು ಕಷ್ಟ ಇತ್ತು?

ನನಗೆ ಇದು ಯಾಕೆ ಇಷ್ಟು ಉರಿಯುತ್ತದೆ ಅಂದರೆ, 2018ರಲ್ಲಿ ಮಕ್ಕಳ ಕಳ್ಳರ ಮೆಸೇಜ್ ಓಡಾಡುತ್ತಿತ್ತಲ್ಲ, ಅದನ್ನು ಫಾರ್ವರ್ಡ್ ಮಾಡಿದವರಲ್ಲಿ ನಾನೂ ಒಬ್ಬ. ಇತಿಹಾಸದ ಮೇಷ್ಟ್ರು, ಎಂ.ಎ. ಮಾಡಿದವನು! ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ಅವನ ಗುಂಪಿನವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು ಅನ್ನುವುದೇ ಅನುಮಾನಕ್ಕೆ ಕಾರಣ. ಅಲ್ಲಿ ಸೇರಿದವರೂ ಊರು ಕಾಯುತ್ತಿದ್ದೇವೆ ಅಂತಲೇ ತಿಳಿದಿದ್ದರು. ನಾನು ಕಳಿಸಿದ ಮೆಸೇಜ್ ಬೀದರಿಗೆ ಹೋಗಿರಲಿಕ್ಕಿಲ್ಲ. ಇದು ನನಗೆ ನಾನೇ ಹೇಳಿಕೊಳ್ಳುವ ಮಾತು.

ಈಗ ಒಂದೇ ಒಂದು ಪ್ಯಾರಾ ಇತಿಹಾಸ, ಸಹಿಸಿಕೊಳ್ಳಿ. ಹಿಂದೆ ಊರಿಗೆ ತಳವಾರ ಇದ್ದ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಬಗ್ಗೆ ಬ್ರಿಟಿಷ್ ಪಾರ್ಲಿಮೆಂಟಿಗೆ 1812ರಲ್ಲಿ ಒಪ್ಪಿಸಿದ ‘ಐದನೇ ವರದಿ’ಯಲ್ಲಿ ದಕ್ಷಿಣದ ಹಳ್ಳಿಗಳ ತಳವಾರನ ಕೆಲಸ ಏನು ಅಂತ ಬರೆದಿದ್ದಾರೆ. ಒಂದು, ಅಪರಾಧಗಳ ಸುದ್ದಿ ಕಲೆ ಹಾಕುವುದು. ಇನ್ನೊಂದು, ದಾರಿಹೋಕರನ್ನು ಒಂದೂರಿಂದ ಇನ್ನೊಂದೂರಿಗೆ ಕಾಪಾಡಿಕೊಂಡು ದಾಟಿಸುವುದು. ನೋಡಿದಿರಾ? ಪರಊರವನನ್ನು ಕಾಯುವುದೂ ಕಾವಲುಗಾರನ ಕೆಲಸವೇ ಆಗಿತ್ತು. ಆಮೇಲೆ ಪಟೇಲ, ಶಾನುಭೋಗಿಕೆ ರದ್ದಾದವು. 1964ರಲ್ಲಿ ಗ್ರಾಮ ರಕ್ಷಣಾ ದಳಕ್ಕೇ ಒಂದು ಕಾಯ್ದೆ ಬಂತು, ಅದಕ್ಕೊಬ್ಬ ದಳಪತಿ. ಊರು ಕಾಯಲು ಕಾನೂನಿನ ದಾರಿ ಇಲ್ಲ ಅನ್ನಬೇಡಿ, ಇದೆ. ನಮ್ಮ ಹುಡುಗರಲ್ಲಿ ಒಬ್ಬನೂ ಅದರ ಹೆಸರು ಕೇಳಿಲ್ಲ. ಯಾರೂ ಹೇಳಿಲ್ಲ, ಅವರಾದರೂ ಏನು ಮಾಡುತ್ತಾರೆ.

ಅಂದಹಾಗೆ, ಹೋದ ನಾಲ್ಕು ಕೇಬಲ್ಲಿಗೆ ಬಿದ್ದ ದೂರು ಎಷ್ಟು? ಸೊನ್ನೆ. ನಮ್ಮಪ್ಪನೂ ಕೊಟ್ಟಿಲ್ಲ. "ಒಂದ್ ಕೇಬಲ್ಗೆ ಹತ್ತು ಸಲ ಸ್ಟೇಷನ್ನಿಗೆ ತಿರುಗ್ಲಾ?" ಅಂತಾರೆ. ಅದೂ ಸುಳ್ಳಲ್ಲ. ಆದರೆ ದೂರೇ ಇಲ್ಲ ಅಂದಮೇಲೆ ಪೊಲೀಸರ ಪುಸ್ತಕದಲ್ಲಿ ನಮ್ಮೂರಲ್ಲಿ ಕಳ್ಳತನವೇ ಆಗಿಲ್ಲ. ಬೀಟಿನವರು ಯಾಕೆ ಬರಬೇಕು? ಬೆಳಗ್ಗೆ ನಾನೇ ಒಂದು ಅರ್ಜಿ ಬರೆದುಕೊಟ್ಟೆ. ಅಪ್ಪ ಓದಿ, ಮಡಚಿ, ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಸಹಿ ಹಾಕಿಲ್ಲ.

ಮಧ್ಯಾಹ್ನ ನನ್ನನ್ನೂ ಗ್ರೂಪಿಗೆ ಸೇರಿಸಿದರು. "ಅಣ್ಣ, ಶನಿವಾರ ನಿಮ್ಮ ಪಾಳಿ." ಸರಿ, ಬರ್ತೀನಿ, ಮೊದಲು ಎಲ್ಲರೂ ಗುಜರಿ ಅಂಗಡಿಗೆ ಹೋಗಿ ಬರೋಣ ಅಂತ ಹಾಕಿದೆ. ಎಲ್ಲರೂ ಓದಿದರು. ಒಬ್ಬ ಹೆಬ್ಬೆರಳು ಒತ್ತಿದ, ಐದು ನಿಮಿಷಕ್ಕೆ ತೆಗೆದ. ಗುಜರಿ ಅಂಗಡಿಯವರೂ ಆ ಗ್ರೂಪಿನಲ್ಲೇ ಇದ್ದಾರೆ, ಟಾರ್ಚುಗಳನ್ನು ಕೊಡಿಸಿದ್ದೇ ಅವರು ಅಂತ ಆಮೇಲೆ ಗೊತ್ತಾಯಿತು.

ಸಂಜೆ ಅಡ್ಮಿನ್ ಮೆಸೇಜ್: "ಅಣ್ಣ, ಶನಿವಾರ ಬರ್ತೀರಾ ಇಲ್ವಾ, ಅಷ್ಟು ಹೇಳಿ."

ಬರ್ತೀನಿ ಕಣ್ರಪ್ಪಾ. ಆಧಾರ್ ಕಾರ್ಡು ಇಟ್ಕೊಂಡೇ ಬರ್ತೀನಿ.