ಬೇಸಿಕ್ ಇಲ್ಲದ ದುಬೈ ಕೆಲಸ

ದುಬೈಯ ಒಂದು ರಿಯಲ್ ಎಸ್ಟೇಟ್ ಆಫೀಸಿನಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಊರಿನ ಹುಡುಗರು ಆಗಾಗ ಫೋನ್ ಮಾಡಿ ಕೇಳುತ್ತಾರೆ, "ಅಣ್ಣಾ, ಬ್ರೋಕರ್ ಕೆಲಸ ಇದೆಯಂತೆ. ಸಂಬಳ ಇಲ್ವಂತೆ, ಬರೀ ಕಮಿಷನ್. ಬರಬಹುದಾ?"

ಕಮಿಷನ್ ಅಂದ ಕೂಡಲೇ ಬೇಡ ಅನ್ನುವವನಲ್ಲ ನಾನು. ಪುತ್ತೂರಿನಲ್ಲಿ ನಮ್ಮ ಚಿಕ್ಕಪ್ಪ ಎಲ್‌ಐಸಿ ಏಜೆಂಟ್. ಮಕ್ಕಳನ್ನು ಓದಿಸಿದ್ದು, ಮನೆ ಕಟ್ಟಿಸಿದ್ದು ಎಲ್ಲ ಕಮಿಷನ್ ದುಡ್ಡಿನಲ್ಲೇ. ಆದರೆ ಅಲ್ಲಿನ ಕಮಿಷನ್ನಿಗೂ ಇಲ್ಲಿನದಕ್ಕೂ ತುಂಬಾ ವ್ಯತ್ಯಾಸ ಇದೆ.

ಇಲ್ಲಿ ಹತ್ತು ಲಕ್ಷ ದಿರ್ಹಮ್‌ನ ಫ್ಲ್ಯಾಟ್ ಮಾರಿದರೆ ಸಾಮಾನ್ಯವಾಗಿ 2% ಕಮಿಷನ್, ಅಂದರೆ 20,000. ಕಂಪನಿ ಜೊತೆ ಅರ್ಧರ್ಧ ಅಂತಾದರೆ ಏಜೆಂಟ್ ಕೈಗೆ 10,000. ಸಂಬಳದ ಮೇಲೆ ಆದಾಯ ತೆರಿಗೆಯೂ ಇಲ್ಲ. ಮಾತು ಬಲ್ಲ, ಬಿಸಿಲಲ್ಲಿ ಓಡಾಡಬಲ್ಲ ಹುಡುಗ ಒಳ್ಳೆಯ ತಿಂಗಳಲ್ಲಿ ಮ್ಯಾನೇಜರ್‌ಗಿಂತ ಜಾಸ್ತಿ ದುಡಿದದ್ದನ್ನು ನಾನೇ ನೋಡಿದ್ದೇನೆ.

ಆದರೆ ಆ 10,000 ಬರುವ ದಾರಿ ನೋಡಿ. ಗಿರಾಕಿ ಒಪ್ಪಿದ ಮೇಲೆ ಅವರಿಗೆ ಸಾಲ ಕೊಡುವ ಬ್ಯಾಂಕಿನವರು ಫ್ಲ್ಯಾಟಿನ ಬೆಲೆ ಎಷ್ಟಾಗುತ್ತದೆ ಅಂತ ಅಂದಾಜು ಮಾಡಬೇಕು, ಮಾರುವವರ ಹಳೇ ಸಾಲ ತೀರಬೇಕು, ಕಟ್ಟಡ ಕಟ್ಟಿದ ಡೆವಲಪರ್‌ನಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬರಬೇಕು, ಆಮೇಲೆ ಹೆಸರು ಬದಲಾವಣೆ. ನಡುವೆ ಗಿರಾಕಿಗೆ ಸಾಲ ಸಿಗಲಿಲ್ಲ ಅಂದರೆ ಅಷ್ಟು ದಿನದ ಓಡಾಟಕ್ಕೆ ಒಂದು ದಿರ್ಹಮ್ ಕೂಡ ಇಲ್ಲ. ಕಟ್ಟುತ್ತಿರುವ ಕಟ್ಟಡದ ಫ್ಲ್ಯಾಟ್ ಆದರೆ ಡೆವಲಪರ್ ಕಮಿಷನ್ ಹಾಕಲು ತಿಂಗಳುಗಟ್ಟಲೆ ಕಾಯಿಸುವುದುಂಟು. "ದುಡ್ಡು ಬಂತಾ?" ಅಂತ ಬೆಳಿಗ್ಗೆ ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಲ್ಲುವವರ ಮುಖ ನೋಡುವುದು ಕಷ್ಟ. ಅಷ್ಟರಲ್ಲಿ ರೂಮ್ ಬಾಡಿಗೆ, ಪೆಟ್ರೋಲ್, ಸಾಲಿಕ್ ಅನ್ನುವ ಇಲ್ಲಿನ ರಸ್ತೆ ಟೋಲ್ ಯಾವುದೂ ಕಾಯುವುದಿಲ್ಲ.

ಚಿಕ್ಕಪ್ಪನಿಗೂ ಶುರುವಿನ ವರ್ಷಗಳು ಸುಲಭ ಇರಲಿಲ್ಲ. ನೆಂಟರ ಮನೆಗೆ ಹೋದರೆ ಪಾಲಿಸಿ ಮಾಡಿಸೋಕೆ ಬಂದ ಅಂತ ಮುಖ ತಿರುಗಿಸುತ್ತಿದ್ದರು. ಆದರೆ ಮನೆ ಸ್ವಂತದ್ದು, ಅಕ್ಕಿ ಗದ್ದೆಯದ್ದು. ಹಳೇ ಪಾಲಿಸಿಯ ಪ್ರೀಮಿಯಂ ಕಟ್ಟುತ್ತಾ ಹೋದಂತೆ ರಿನ್ಯೂವಲ್ ಕಮಿಷನ್ ವರ್ಷವೂ ಬರುತ್ತದೆ. ಎಲ್‌ಐಸಿ ಏಜೆಂಟರಿಗೆ ಗ್ರ್ಯಾಚುಯಿಟಿಯೂ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟೂ, ಇದೆ. ಅದರ ಮಿತಿಯನ್ನು 2023ರಲ್ಲಿ 3 ಲಕ್ಷ ರೂಪಾಯಿಯಿಂದ 5 ಲಕ್ಷಕ್ಕೆ ಏರಿಸಿದರು. ದುಬೈಯಲ್ಲಿ ಮಾರಿದ ಫ್ಲ್ಯಾಟ್ ಮರುವರ್ಷ ಏನೂ ಕೊಡುವುದಿಲ್ಲ. ಇಲ್ಲಿಯ ಗ್ರ್ಯಾಚುಯಿಟಿ ಲೆಕ್ಕ ನಡೆಯುವುದು ಬೇಸಿಕ್, ಅಂದರೆ ಮೂಲ ಸಂಬಳದ ಮೇಲೆ. ಬೇಸಿಕ್ ಹೆಸರಿಗಷ್ಟೇ ಇದ್ದರೆ ಅದೂ ಅಷ್ಟಕ್ಕಷ್ಟೇ.

ಹಾಗಾಗಿ ನಾನು ಹುಡುಗರಿಗೆ ಹೇಳುವುದು ಇಷ್ಟು: ಆರು ತಿಂಗಳ ಖರ್ಚು ಕೈಯಲ್ಲಿದ್ದರೆ, ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸುವ ಹೊರೆ ಇಲ್ಲದಿದ್ದರೆ ಬನ್ನಿ. ಸಾಲ ಮಾಡಿ ಮಾತ್ರ ಬರಬೇಡಿ. ಸಹಿ ಹಾಕುವ ಮುಂಚೆ ಎರಡು ವಿಷಯ ಕೇಳಿ. ವೀಸಾ ಖರ್ಚು ಯಾರದು? ಕಾನೂನು ಪ್ರಕಾರ ಅದು ಕಂಪನಿಯದು, ನಿಮ್ಮ ಕಮಿಷನ್ನಿನಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಕೆಲಸ ಬಿಟ್ಟ ಮೇಲೆ ಬರುವ ಹಳೇ ಡೀಲಿನ ದುಡ್ಡು ನಿಮಗೆ ಸೇರುತ್ತದಾ? ಇದಕ್ಕೆ ಬಾಯಿಮಾತಿನ ಉತ್ತರ ಸಾಲದು, ಬರೆಸಿಕೊಳ್ಳಿ.