ಕೌನ್ಸೆಲಿಂಗ್ ಅಂದ್ರೆ ಯಾವ ಊರು?

ಶುಕ್ರವಾರ ರಾತ್ರಿ ಹತ್ತೂವರೆಗೆ ತಾಲ್ಲೂಕು ಕಚೇರಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸುತ್ತೋಲೆ ಬಿತ್ತು. ನಾಳೆ ಎರಡನೇ ಶನಿವಾರ, ನೌಕರರಿಗೆ ಒತ್ತಡ ನಿರ್ವಹಣೆ ಮತ್ತು ಕೌನ್ಸೆಲಿಂಗ್, ಹಾಜರಾತಿ ಕಡ್ಡಾಯ, ಗೈರಾದವರಿಗೆ ಕಾರಣ ಕೇಳಿ ನೋಟಿಸ್. ನನ್ನ ಭಾವಮೈದ ಗ್ರಾಮ ಆಡಳಿತ ಅಧಿಕಾರಿ. ಮೊದಲು ಗ್ರಾಮಲೆಕ್ಕಿಗ ಅಂತಿದ್ದರು, ಈಗ ಹೆಸರು ಉದ್ದವಾಗಿದೆ. ಮುದ್ದೆ ಮುರಿಯುತ್ತಿದ್ದವನು ಎಡಗೈಯಲ್ಲೇ 'ಓಕೆ ಸರ್' ಅಂತ ಒತ್ತಿ, ಕೈ ಮುಗಿದ ಚಿತ್ರ ಹಾಕಿ, ಆಮೇಲೆ ತುತ್ತು ನುಂಗಿದ.

"ಕೌನ್ಸೆಲಿಂಗ್ ಅಂತೆ ಭಾವ."

"ಒಳ್ಳೇದಾಯ್ತಲ್ಲೋ, ಯಾವ ಊರು ಕೇಳ್ತೀಯ?" ಅಂದೆ.

ನನ್ನದೇನು ತಪ್ಪು? ನಮ್ಮ ಸರ್ಕಾರಿ ಕನ್ನಡದಲ್ಲಿ ಕೌನ್ಸೆಲಿಂಗ್ ಅಂದರೆ ವರ್ಗಾವಣೆ. ಬೇಕಿದ್ದರೆ ಮೇಷ್ಟ್ರುಗಳನ್ನು ಕೇಳಿ. ಪರದೆ ಮೇಲೆ ಖಾಲಿ ಜಾಗಗಳ ಪಟ್ಟಿ ಓಡುತ್ತಿರುತ್ತದೆ, ಎ ವಲಯ, ಬಿ ವಲಯ, ಸಿ ವಲಯ. ನಮ್ಮ ಸರದಿ ಬರುವಷ್ಟರಲ್ಲಿ ಬಸ್ಸು ಹೋಗುವ ಊರೆಲ್ಲ ಖಾಲಿಯಾಗಿರುತ್ತದೆ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಇದ್ದರೆ ಅದಕ್ಕೆ 'ಪತಿ-ಪತ್ನಿ ಪ್ರಕರಣ' ಎಂದು ಹೆಸರು. ಮದುವೆಯನ್ನು ಪ್ರಕರಣ ಅಂತ ಬಾಯಿಬಿಟ್ಟು ಹೇಳುವ ಪ್ರಾಮಾಣಿಕತೆ ಸರ್ಕಾರಕ್ಕೆ ಬಿಟ್ಟರೆ ಇನ್ನಾರಿಗಿದೆ ಹೇಳಿ. ನಾವೆಲ್ಲ ಇನ್ನೂ ಶುಭವಿವಾಹ ಅಂತಲೇ ಅಚ್ಚು ಹಾಕಿಸುತ್ತಿದ್ದೇವೆ.

ಇರಲಿ. ಶನಿವಾರ ಬಂದ ತಜ್ಞರು ಕಣ್ಣು ಮುಚ್ಚಿಸಿ, ಹರಿಯುವ ನದಿಯೊಂದನ್ನು ನೆನೆಸಿಕೊಳ್ಳಿ ಅಂದರಂತೆ. ಇವನಿಗೆ ನದಿ ಕಂಡಿತು, ದಡದ ಒತ್ತುವರಿಯೂ ಕಂಡಿತು. ಸರ್ವೆ ನಂಬರ್ ಜ್ಞಾಪಿಸಿಕೊಳ್ಳುವಷ್ಟರಲ್ಲಿ ಕಣ್ಣು ಬಿಡಿ ಅಂದರು. ಫೋಟೊದಲ್ಲಿ ಜಿಪಿಎಸ್ ಬಿದ್ದಿಲ್ಲವೆಂದು ಎಲ್ಲರೂ ಇನ್ನೊಮ್ಮೆ ಕಣ್ಣು ಮುಚ್ಚಿದರು.

ಇನ್ನು ಮೇಲೆ ಹಿರಿಯ ಸಹೋದ್ಯೋಗಿಯೊಬ್ಬರ ಹತ್ತಿರ ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಬೇಕಂತೆ. ಇವನ ಪಾಲಿಗೆ ಬಂದವರು ಶಿರಸ್ತೇದಾರರು. ಬಿಪಿ ಮಾತ್ರೆ ನುಂಗಿಕೊಂಡು ಎರಡು ಕುರ್ಚಿಯ ಕೆಲಸ ನೋಡುತ್ತಿರುವ ಮನುಷ್ಯ. ಇವನು ಬಾಯಿ ತೆರೆಯುವ ಮೊದಲೇ ಅವರು ಮುಕ್ಕಾಲು ಗಂಟೆ ತಮ್ಮ ಕಷ್ಟ ಹೇಳಿಕೊಂಡು ಹಗುರಾದರು. ಅಷ್ಟರಮಟ್ಟಿಗೆ ಯೋಜನೆ ಯಶಸ್ವಿ. ಆದರೂ ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಬೈ ಟೂ ಹಿಡಿದು "ಬಿಡಪ್ಪಾ, ಈ ಸಾಹೇಬ್ರೂ ಹೋಗ್ತಾರೆ" ಅನ್ನುವ ಹಳಬರ ಮುಂದೆ ಇದೆಲ್ಲ ಏನೂ ಅಲ್ಲ. ಅಲ್ಲಿ ಸಹಿಯನ್ನೂ ಕೇಳುವುದಿಲ್ಲ.

ನಿಜವಾಗಿ ಕಷ್ಟದಲ್ಲಿರುವವರಿಗೆ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ, 14416. ನಿಮ್ಹಾನ್ಸ್ ನೆರವಿನಲ್ಲಿ 2022ರಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು. ಅದನ್ನು ಗೇಲಿ ಮಾಡಲಾರೆ. ಆದರೆ ಇವನ ಮೊಬೈಲು ಬಿಡುವಾಗಿರಬೇಕಲ್ಲ? ಇ-ಆಫೀಸ್, ಸರ್ಕಾರಿ ಜಮೀನು ಕಾಯುವ ಲ್ಯಾಂಡ್ ಬೀಟ್, ಬಗರ್ ಹುಕುಂ, ಬೆಳೆ ಸಮೀಕ್ಷೆ, ಒಂದೊಂದಕ್ಕೂ ಒಂದೊಂದು ಆ್ಯಪ್. ಇದೇ ಗೋಳು ಹೇಳಿಕೊಂಡು 2024ರಲ್ಲಿ, ಮತ್ತೆ 2025ರಲ್ಲಿ ಇವರು ಮುಷ್ಕರ ಕೂತರು. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ. ಇಬ್ಬರು ಹೊರುವ ಮೂಟೆಯನ್ನು ಒಬ್ಬನ ಬೆನ್ನಿಗೇರಿಸಿ, ಉಸಿರು ನಿಧಾನವಾಗಿ ಬಿಡಪ್ಪಾ ಅನ್ನುತ್ತಿದ್ದೀರಿ.

2024ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ವಾಲ್ಮೀಕಿ ನಿಗಮದ ಲೆಕ್ಕಪತ್ರ ಅಧೀಕ್ಷಕರೊಬ್ಬರು ಪತ್ರ ಬರೆದಿಟ್ಟು ಪ್ರಾಣ ಬಿಟ್ಟರು. ನಿಗಮದ ಕೋಟಿಗಟ್ಟಲೆ ಹಣ ಅಕ್ರಮವಾಗಿ ಬೇರೆ ಖಾತೆಗಳಿಗೆ ಹೋಗಿದ್ದು ಆ ಪತ್ರದಿಂದಲೇ ಹೊರಬಿತ್ತು. ಅವರಿಗೆ ಯಾವ ನದಿ ತೋರಿಸುತ್ತಿದ್ದಿರಿ? ನಗಿಸೋಣ ಅಂತಲೇ ಬರೆಯಲು ಕೂತೆ, ಇಲ್ಲಿಂದ ಮುಂದೆ ಆಗುತ್ತಿಲ್ಲ.

ಭಾನುವಾರ ಭಾವಮೈದ ಮೊಬೈಲು ಹಿಡಿದು ಬಂದ. ನಿಮ್ಮ ಒತ್ತಡ ಎಷ್ಟು ಕಡಿಮೆಯಾಗಿದೆ ಅಂತ ಫಾರಂ ಬಂದಿದೆಯಂತೆ, ಸಂಜೆ ಐದರೊಳಗೆ ತುಂಬಬೇಕಂತೆ.

"ಏನಂತ ಹಾಕ್ಲಿ ಭಾವ?"

"ಪಕ್ಕದ ವೃತ್ತದವರು ಏನು ಹಾಕಿದಾರೆ ಕೇಳು."

"ಅದರ ಚಾರ್ಜೂ ನಂದೇ."